ಕೈ ಎತ್ತಲಾರದವರ ಕಿವಿ ಪರೀಕ್ಷೆ: ಬಳ್ಳಾರಿಯ ಕೂಸು, ಕಡಲಿನ ಡಾಲ್ಫಿನ್

ದೊಡ್ಡವರ ಕಿವಿ ಪರೀಕ್ಷೆ ಸಲೀಸು. ಹೆಡ್‌ಫೋನ್ ಹಾಕಿ, "ಸಣ್ಣಗೆ ಕೇಳಿಸಿದ್ರೂ ಕೈ ಎತ್ರಿ" ಎಂದು ಹೇಳಿ ಸದ್ದನ್ನು ಇಳಿಸುತ್ತ ಹೋದರೆ ಅರ್ಧ ತಾಸಿನೊಳಗೆ ಆಡಿಯೋಗ್ರಾಂ, ಅಂದರೆ ಯಾವ ಸದ್ದು ಎಷ್ಟು ಸಣ್ಣಗಿದ್ದರೂ ಕೇಳಿಸುತ್ತದೆ ಎಂಬ ನಕ್ಷೆ, ಸಿದ್ಧ. ಎರಡು ತಿಂಗಳ ಕೂಸಿಗೆ ಹಾಗೆ ಹೇಳಲು ಬರುವುದಿಲ್ಲ, ಡಾಲ್ಫಿನ್‌ಗೂ ಬರುವುದಿಲ್ಲ. ಬಳ್ಳಾರಿಯಲ್ಲಿ ಕೂತು ಕೂಸುಗಳಿಗೆ ಬೆರಾ ಪರೀಕ್ಷೆ (ಸದ್ದಿಗೆ ಮಿದುಳುಕಾಂಡ ಎಬ್ಬಿಸುವ ವಿದ್ಯುತ್ ಅಲೆ ಹಿಡಿಯುವುದು) ಮಾಡುವ ನಮ್ಮಂಥವರು ಡಾಲ್ಫಿನ್ ಕಿವಿಯ ಅಧ್ಯಯನಗಳನ್ನು ಓದುವುದಕ್ಕೆ ಕಾರಣವಿದೆ. ಎರಡು ಕಡೆಯೂ ತಲೆಯ ಚರ್ಮದ ಮೇಲಿಂದ ಹಿಡಿಯುವ ವಿದ್ಯುತ್ ಸಂಕೇತ ಒಂದೇ ಜಾತಿಯದು, ಅದನ್ನು ಹೊರತೆಗೆಯುವ ಲೆಕ್ಕ ಒಂದೇ, ಕೈಕೊಡುವ ಜಾಗಗಳೂ ಬಹುಪಾಲು ಅವೇ. ಕಡಲು ಇಲ್ಲಿಂದ ದೂರ, ನಮ್ಮ ಮಂಚದ ಮೇಲೆ ಡಾಲ್ಫಿನ್ ಬರುವುದಿಲ್ಲ. ಆದರೂ ಕೂಸಿನ ಪರೀಕ್ಷೆ ಎಲ್ಲಿ ಕೆಡುತ್ತದೆ ಎಂಬುದನ್ನು ಡಾಲ್ಫಿನ್ ಪಕ್ಕದಲ್ಲಿಟ್ಟು ನೋಡಿದರೆ ಬೇಗ ತಿಳಿಯುತ್ತದೆ.

ಡಾಲ್ಫಿನ್‌ಗೂ ಕೈ ಎತ್ತುವುದನ್ನು ಕಲಿಸಬಹುದು, ಕಾಲ ಬೇಕು ಅಷ್ಟೆ. 1967ರಲ್ಲಿ ಅಮೆರಿಕದ ಸ್ಕಾಟ್ ಜಾನ್ಸನ್ ಪ್ರಕಟಿಸಿದ ಬಾಟಲ್‌ನೋಸ್ ಡಾಲ್ಫಿನ್‌ನ ಆಡಿಯೋಗ್ರಾಂ ಹೀಗೆ ಕಲಿಸಿ ತೆಗೆದದ್ದು. ಪ್ರಾಣಿ ಗೊತ್ತಾದ ಜಾಗದಲ್ಲಿ ನಿಂತು ಕಾಯಬೇಕು. ಸದ್ದು ಕೇಳಿಸಿದರೆ ಹೋಗಿ ಸನ್ನೆಕೋಲು ಒತ್ತಬೇಕು, ಕೇಳಿಸದಿದ್ದರೆ ನಿಂತಲ್ಲೇ ಇರಬೇಕು. ಸರಿಯಾದರೆ ಮೀನು. ಮೀನಿನ ಆಸೆಗೆ ಸುಮ್ಮಸುಮ್ಮನೆ ಒತ್ತುವುದನ್ನು ಹಿಡಿಯಲು ನಡುನಡುವೆ ಸದ್ದೇ ಇಲ್ಲದ ಸರದಿಗಳನ್ನು ಸೇರಿಸಬೇಕು. ಪಿಂಚಣಿ, ಪರಿಹಾರದ ಸರ್ಟಿಫಿಕೇಟಿಗೆ ಬರುವ ದೊಡ್ಡವರ ಮುಂದೆ ನಾವೂ ಇಂಥ ಖಾಲಿ ಸರದಿ ಹಾಕಿಯೇ ಹಾಕುತ್ತೇವೆ. ಜಾನ್ಸನ್ 75 ಹರ್ಟ್ಸ್‌ನಿಂದ 150 ಕಿಲೋಹರ್ಟ್ಸ್‌ವರೆಗೆ ಅಳೆದರು. ಮನುಷ್ಯನ ಕಿವಿ 20 ಕಿಲೋಹರ್ಟ್ಸ್‌ಗೆ ನಿಂತುಬಿಡುತ್ತದೆ. ಹೀಗೆ ಒಂದು ಪ್ರಾಣಿಯನ್ನು ಪಳಗಿಸಿ ಪೂರ್ತಿ ಆಡಿಯೋಗ್ರಾಂ ತೆಗೆಯಲು ತಿಂಗಳುಗಟ್ಟಲೆ ಹಿಡಿಯುತ್ತದೆ. ದಂಡೆಗೆ ಬಿದ್ದ ಕಾಡು ಡಾಲ್ಫಿನ್‌ಗೆ ಅಷ್ಟು ಪುರಸೊತ್ತಿಲ್ಲ. ಕೂಸಿಗೂ ಇಲ್ಲ. ಸದ್ದಿನ ಕಡೆ ತಲೆ ತಿರುಗಿಸಿದರೆ ಗೊಂಬೆ ಬೆಳಗಿಸಿ ತೋರಿಸುವ ಪರೀಕ್ಷೆ ಆರು ತಿಂಗಳು ತುಂಬಿದ ಮೇಲಷ್ಟೇ ನೆಚ್ಚಿಕೆಗೆ ಬರುತ್ತದೆ. ನಮಗಿರುವ ಗಡುವೋ, ಒಂದು ತಿಂಗಳೊಳಗೆ ತಪಾಸಣೆ, ಮೂರರೊಳಗೆ ಖಚಿತ ರೋಗನಿರ್ಣಯ, ಆರರೊಳಗೆ ಶ್ರವಣ ಸಾಧನ.

ಅದಕ್ಕೇ ಎರಡೂ ಕಡೆ ಕಿವಿಯನ್ನು ಬಿಟ್ಟು ಮಿದುಳಿನ ಬುಡವನ್ನು ಕೇಳುವುದು. ಸದ್ದು ಬಿದ್ದ ಹತ್ತು ಮಿಲಿಸೆಕೆಂಡಿನೊಳಗೆ ಶ್ರವಣ ನರ, ಮಿದುಳುಕಾಂಡ ಒಂದಾದ ಮೇಲೊಂದು ವಿದ್ಯುತ್ ಅಲೆ ಎಬ್ಬಿಸುತ್ತವೆ. 1971ರಲ್ಲಿ ಜುವೆಟ್ ಮತ್ತು ವಿಲ್ಲಿಸ್ಟನ್ ಈ ಅಲೆಗಳಿಗೆ ರೋಮನ್ ಅಂಕಿಗಳ ಹೆಸರಿಟ್ಟರು. ಇವತ್ತಿಗೂ ನಾವು ಹುಡುಕುವುದು ಐದನೆಯ ಅಲೆಯನ್ನೇ. ಜೋರು ಸದ್ದಿಗೆ ದೊಡ್ಡವರಲ್ಲಿ ಅದು ಅರ್ಧ ಮೈಕ್ರೊವೋಲ್ಟ್ ಆಸುಪಾಸು ಇರುತ್ತದೆ, ಕೇಳ್ಮೆಯ ಅಂಚಿಗೆ ಬಂದಾಗ ಅದರ ಸಣ್ಣ ಪಾಲಷ್ಟೇ ಉಳಿಯುತ್ತದೆ. ಅದೇ ಎಲೆಕ್ಟ್ರೋಡಿನಲ್ಲಿ ಮಿದುಳಿನ ಉಳಿದ ಚಟುವಟಿಕೆ, ಕತ್ತು ದವಡೆಯ ಸ್ನಾಯು, ಗೋಡೆಯ ವೈರಿನ 50 ಹರ್ಟ್ಸ್ ಎಲ್ಲ ಸೇರಿ ಅದರ ಹತ್ತಾರು ಪಟ್ಟು ಗದ್ದಲ. ಹಾಗಾಗಿ ಒಂದೇ ಸದ್ದನ್ನು ಎರಡು ಸಾವಿರ ಸಲ ಕೊಟ್ಟು ಸರಾಸರಿ ತೆಗೆಯಬೇಕು. ಸದ್ದಿಗೆ ಕಟ್ಟಿಕೊಂಡ ಅಲೆ ಪ್ರತಿ ಸಲವೂ ಅದೇ ಹೊತ್ತಿಗೆ ಬರುತ್ತದೆ, ಗದ್ದಲ ಅಡ್ಡಾದಿಡ್ಡಿ ಬಂದು ತನ್ನನ್ನು ತಾನೇ ಅಳಿಸಿಕೊಳ್ಳುತ್ತದೆ. ಅಳಿಯುವುದು ಸಂಖ್ಯೆಯ ವರ್ಗಮೂಲದಷ್ಟು. ಎರಡು ಸಾವಿರಕ್ಕೆ ಗದ್ದಲ ಸುಮಾರು 45ರಲ್ಲಿ ಒಂದು ಪಾಲು. ಅದನ್ನು ಇನ್ನರ್ಧಕ್ಕೆ ಇಳಿಸಬೇಕೆಂದರೆ ಎಂಟು ಸಾವಿರ ಬೇಕು. ಕೂಸು ಅಷ್ಟು ಹೊತ್ತು ಮಲಗುವುದಿಲ್ಲ. ಸದ್ದು ಎಣಿಸಿ ಗೆಲ್ಲುವುದಕ್ಕಿಂತ ಗದ್ದಲವನ್ನು ಮೊದಲೇ ಇಳಿಸುವುದು ಅಗ್ಗ. ಪರೀಕ್ಷೆಯ ಮುಕ್ಕಾಲು ಕೆಲಸ ಅದೇ.

ಆ ಕೆಲಸ ಶುರುವಾಗುವುದು ಫೋನಿನಲ್ಲಿ. ಸಿಂಧನೂರು, ಸಿರುಗುಪ್ಪ ಕಡೆಯಿಂದ ಬರುವವರಿಗೆ ದಿನ ಕೊಡುವಾಗಲೇ ನಾಲ್ಕು ಮಾತು ಹೇಳಿಬಿಡಬೇಕು. ಬೆಳಿಗ್ಗೆ ಎರೆಯುವಾಗ ಹಣೆಗೆ, ಕಿವಿಯ ಹಿಂದಕ್ಕೆ ಎಣ್ಣೆ ಬೇಡ, ಕಿವಿಯೊಳಕ್ಕೆ ಬೇಡವೇ ಬೇಡ. ಕೂಸಿಗೆ ನೆಗಡಿ ಇದ್ದರೆ ದಿನ ಮುಂದಕ್ಕೆ ಹಾಕೋಣ. ಹಾಲೂಡುವ ತಾಯಿಯೇ ಬರಲಿ. ಬಸ್ಸಿನಲ್ಲಿ ಕೂಸನ್ನು ಮಲಗಿಸಬೇಡಿ. ಕೊನೆಯದು ಹೇಳಿದಷ್ಟು ಸುಲಭವಲ್ಲ, ಬಸ್ಸು ಹೊರಟ ಹತ್ತು ನಿಮಿಷಕ್ಕೆ ಎಂಥ ಕೂಸೂ ಮಲಗುತ್ತದೆ. ಬಂದವರು ಬಾಗಿಲಲ್ಲೇ "ಈಗ ಕಣ್ ಬಿಟ್ಟೈತ್ರೀ ಮೇಡಂ" ಎಂದರೆ ಇನ್ನೆರಡು ತಾಸು ಕಾಯಬೇಕು. ಅದಕ್ಕೆ ದೂರದವರಿಗೆ ಬೆಳಗಿನ ಹೊತ್ತು ಕೊಡದೆ ಮಧ್ಯಾಹ್ನ ಹನ್ನೆರಡರ ಮೇಲೆ ಕೊಡುತ್ತೇವೆ. ಬಂದು, ಕೂತು, ಕೂಸು ಆಡಿ ದಣಿದು, ಎರಡನೆಯ ನಿದ್ದೆಗೆ ಇಳಿಯುವ ಹೊತ್ತು ಅದು.

ಆರು ತಿಂಗಳು ದಾಟಿದ ಮಕ್ಕಳು ಹೀಗೆ ಮಲಗುವುದಿಲ್ಲ. ಅವಕ್ಕೆ ವೈದ್ಯರು ತೂಕ ನೋಡಿ ನಿದ್ದೆ ಬರಿಸುವ ಟ್ರೈಕ್ಲೋಫಾಸ್ ಸಿರಪ್ಪು ಬರೆಯುತ್ತಾರೆ. ಇಲ್ಲಿ ಎರಡು ವಿಷಯ ಗಟ್ಟಿ. ತಾನಾಗಿ ಮಲಗುವ ಕೂಸಿಗೆ ಹೊಟ್ಟೆ ತುಂಬಿರಬೇಕು. ಔಷಧಿ ಕೊಡುವ ಮಗು ವೈದ್ಯರು ಹೇಳಿದಷ್ಟು ಹೊತ್ತು ಖಾಲಿ ಹೊಟ್ಟೆಯಲ್ಲಿರಬೇಕು. ಇವೆರಡನ್ನು ಫೋನಿನಲ್ಲಿ ಕಲಸಿಬಿಟ್ಟರೆ ಕಷ್ಟ. ಎರಡನೆಯದು, ಸಿರಪ್ಪನ್ನು ಮನೆಯಲ್ಲೋ ಬಸ್‌ಸ್ಟ್ಯಾಂಡಿನಲ್ಲೋ ಕುಡಿಸಿಕೊಂಡು ಬರಲೇಬಾರದು. ಮತ್ತಿನಲ್ಲಿ ಮಗುವಿನ ಕತ್ತು ವಾಲಿ ಉಸಿರಿನ ದಾರಿ ಮುಚ್ಚಬಹುದು. ಬೆರಳಿಗೆ ಪಲ್ಸ್ ಆಕ್ಸಿಮೀಟರ್ ಹಾಕಿ, ವೈದ್ಯರು ಇರುವ ಕಡೆಯೇ ಕುಡಿಸುವುದು. ಡಾಲ್ಫಿನ್‌ಗೆ ಈ ತಾಪತ್ರಯವಿಲ್ಲ. ಅದರ ಪರೀಕ್ಷೆ ಸಾಮಾನ್ಯವಾಗಿ ಎಚ್ಚರದಲ್ಲೇ ನಡೆಯುತ್ತದೆ. ಶ್ರವಣ ನರದ ತಂತುಗಳು ಮನುಷ್ಯನಿಗಿಂತ ಹೆಚ್ಚುಕಡಿಮೆ ಮೂರು ಪಟ್ಟು, ಮಿದುಳುಕಾಂಡದ ಶ್ರವಣ ಭಾಗಗಳು ದೊಡ್ಡವು, ಹಾಗಾಗಿ ಜೋರು ಸದ್ದಿಗೆ ಚರ್ಮದ ಮೇಲೇ ಹಲವು ಮೈಕ್ರೊವೋಲ್ಟ್ ಸಿಗುತ್ತದೆ. ಬಾಲ ಬಡಿದಾಗ, ಉಸಿರು ಬಿಟ್ಟಾಗ ಬಂದ ತುಣುಕುಗಳನ್ನು ಬಿಸಾಡಿದರೆ ಸಾಕು.

ಇನ್ನು ಚರ್ಮ. ನಾವು ಎಲೆಕ್ಟ್ರೋಡ್ ಅಂಟಿಸುವ ಜಾಗ ನಾಲ್ಕು: ಹಣೆಯ ಮೇಲ್ತುದಿ, ಕೂದಲು ಶುರುವಾಗುವಲ್ಲಿ ಒಂದು, ಎರಡು ಕಿವಿಗಳ ಹಿಂದಿನ ಎಲುಬಿನ ಮೇಲೆ ಒಂದೊಂದು, ಗ್ರೌಂಡಿಗೆ ಹಣೆಯ ನಡುವೆ ಇನ್ನೊಂದು. ನಡುನೆತ್ತಿಯಲ್ಲಿ ಇಟ್ಟರೆ ಅಲೆ ಇನ್ನೂ ಚೆನ್ನಾಗಿ ಬರುತ್ತದೆ, ಆದರೆ ಕೂಸಿನ ನೆತ್ತಿ ಮೆತ್ತಗೆ, ಅಲ್ಲಿ ಉಜ್ಜುವಂತಿಲ್ಲ. ಗ್ರೌಂಡಿನ ಜಾಗ ಸರಿಯಾಗಿ ಕಾಡಿಗೆ ಬೊಟ್ಟು ಇಡುವ ಜಾಗ. ಮನೆಯಲ್ಲಿ ಮಾಡಿದ ಕಾಡಿಗೆಯಲ್ಲಿ ಹರಳೆಣ್ಣೆ ಇರುತ್ತದೆ, ಅದರ ಮೇಲೆ ಪೇಸ್ಟೂ ನಿಲ್ಲುವುದಿಲ್ಲ, ಟೇಪೂ ನಿಲ್ಲುವುದಿಲ್ಲ. ಒರೆಸಲು ಹೋದರೆ ಅಜ್ಜಿಗೆ ಬೇಜಾರು. "ಯಮ್ಮಾ, ಹಣಿ ಮ್ಯಾಲಿಂದು ಒಂದೇ ತೆಗಿತೀವಿ, ಅಂಗಾಲಿಗೆ ಇನ್ನೊಂದು ಇಟ್ಟುಬಿಡ್ರಿ" ಎಂದರೆ ಯಾರೂ ಬೇಡ ಅನ್ನುವುದಿಲ್ಲ, ದೃಷ್ಟಿಗೆ ಅಂಗಾಲಿನ ಬೊಟ್ಟೂ ನಡೆಯುತ್ತದೆ. ಕಾಲ್ಗೆಜ್ಜೆ, ಕೈಯ ಕರಿಮಣಿ ಬಳೆಯನ್ನು ಇದೇ ಹೊತ್ತಿಗೆ ಬಿಚ್ಚಿಸಿ ತಾಯಿಯ ಸೆರಗಿಗೆ ಕಟ್ಟಿಸಿಬಿಡಬೇಕು; ನಿದ್ದೆ ಹತ್ತಿದ ಮೇಲೆ ಬಿಚ್ಚಲು ಹೋದರೆ ಎದ್ದುಬಿಡುತ್ತದೆ.

ಎಣ್ಣೆ ಇದ್ದರೆ ಮೊದಲು ಒದ್ದೆ ಬಟ್ಟೆಯಲ್ಲಿ ಒರೆಸಿ ಒಣಗಿಸಿ, ಆಮೇಲೆ ಮರಳಿನಂತೆ ಸಣ್ಣ ಕಣಗಳಿರುವ ಸ್ಕಿನ್ ಜೆಲ್ಲನ್ನು ಹತ್ತಿಯ ಕಡ್ಡಿಗೆ ಹಚ್ಚಿ ಒಂದೇ ದಿಕ್ಕಿನಲ್ಲಿ ಐದಾರು ಸಲ ಉಜ್ಜುವುದು. ಚರ್ಮ ನಸುಗೆಂಪಾದರೆ ನಿಲ್ಲಿಸಬೇಕು. ಲೋಹದ ಬಟ್ಟಲಿಗೆ ಪೇಸ್ಟ್ ತುಂಬಿ, ಅಂಚಿನಿಂದ ಸ್ವಲ್ಪ ಹೊರ ಬರುವಷ್ಟು ಮಾತ್ರ ಒತ್ತಿ, ಟೇಪ್ ಹಾಕಬೇಕು. ಪೇಸ್ಟ್ ಜಾಸ್ತಿಯಾದರೆ ಹಣೆಯ ಎರಡು ಎಲೆಕ್ಟ್ರೋಡುಗಳ ನಡುವೆ ಹರಡಿ ಸೇರಿಕೊಳ್ಳುತ್ತದೆ, ಆಗ ಎರಡೂ ಒಂದೇ ಎಲೆಕ್ಟ್ರೋಡ್ ಆದಂತೆ. ಪುಟ್ಟ ಹಣೆಯಲ್ಲಿ ಇದು ಬೇಗ ಆಗುತ್ತದೆ. ಜಾಗ ಸಾಲದಿದ್ದರೆ ಗ್ರೌಂಡನ್ನು ಕೆನ್ನೆಗೋ ಭುಜಕ್ಕೋ ಇಳಿಸಬಹುದು. ಪ್ರತಿರೋಧ 5 ಕಿಲೋಓಮ್ ಒಳಗೆ ಬರಬೇಕು. ಅದಕ್ಕಿಂತ ಮುಖ್ಯ, ಒಂದಕ್ಕೊಂದು 2 ಕಿಲೋಓಮ್‌ಗಿಂತ ಹೆಚ್ಚು ವ್ಯತ್ಯಾಸ ಇರಬಾರದು. ಆಂಪ್ಲಿಫೈಯರ್ ಎರಡು ಎಲೆಕ್ಟ್ರೋಡುಗಳಲ್ಲಿ ಸಮನಾಗಿ ಬಂದದ್ದನ್ನು ಕಳೆದು ಬಿಸಾಡುತ್ತದೆ, ಗೋಡೆಯ 50 ಹರ್ಟ್ಸ್ ಹಾಗೇ ಸಾಯುವುದು. ಒಂದು 1, ಇನ್ನೊಂದು 6 ಇದ್ದರೆ ಗೋಡೆಯ ಕರೆಂಟು ಎರಡಕ್ಕೂ ಸಮನಾಗಿ ಬರುವುದಿಲ್ಲ, ಕಳೆದ ಮೇಲೂ ಉಳಿದುಕೊಳ್ಳುತ್ತದೆ. ಎಲ್ಲವೂ 4 ಇದ್ದರೆ ಅದಕ್ಕಿಂತ ಮೇಲು. ಪ್ರತಿರೋಧ ಇಳಿಯಲೇ ಇಲ್ಲವೆಂದರೆ ಮತ್ತೆ ಮತ್ತೆ ಚರ್ಮ ಉಜ್ಜುವ ಮೊದಲು ವೈರು ಬದಲಿಸಿ ನೋಡಬೇಕು. ಬಟ್ಟಲಿನ ಕುತ್ತಿಗೆಯ ಹತ್ತಿರ ಒಳಗಿನ ತಂತಿ ಮುರಿದಿರುತ್ತದೆ, ಹೊರಗೆ ಕಾಣುವುದಿಲ್ಲ.

ಡಾಲ್ಫಿನ್ ಚರ್ಮ ನುಣುಪು, ಕೂದಲಿಲ್ಲ. ಅಂಟು, ಟೇಪಿನ ಬದಲು ರಬ್ಬರಿನ ಹೀರುಬಟ್ಟಲು ಸಾಕು. ಲೋಹದ ಎಲೆಕ್ಟ್ರೋಡನ್ನು ಬಟ್ಟಲಿನೊಳಗೆ ಕೂರಿಸಿ, ಜೆಲ್ ಹಾಕಿ, ಉಸಿರುರಂಧ್ರದ ಹಿಂದೆ ಕೆಲವು ಸೆಂಟಿಮೀಟರ್ ದೂರದಲ್ಲಿ ಒಂದನ್ನು ಒತ್ತುತ್ತಾರೆ; ಹೋಲಿಕೆಗೆ ಇನ್ನೊಂದು ಬೆನ್ನಿನ ರೆಕ್ಕೆಯ ಬಳಿ. ಅಲ್ಲಿ ಗೋಳಿರುವುದು ಉಪ್ಪುನೀರಿನದು. ಸಮುದ್ರದ ನೀರು ಒಳ್ಳೆಯ ವಾಹಕ; ಎಲೆಕ್ಟ್ರೋಡ್ ಮುಳುಗಿದರೆ ಸಂಕೇತ ನೀರಿಗೆ ಸೋರಿ ಕುಗ್ಗುತ್ತದೆ. ಅದಕ್ಕೆ ಆದಷ್ಟೂ ಬೆನ್ನು ನೀರಿನ ಮೇಲಿರುವಂತೆ ನೋಡಿಕೊಳ್ಳುತ್ತಾರೆ. ಬಳ್ಳಾರಿಯ ಏಪ್ರಿಲ್, ಮೇ ತಿಂಗಳಲ್ಲಿ ನಮಗೂ ಉಪ್ಪುನೀರಿನ ಕಾಟ ಇದ್ದದ್ದೇ, ಬೆವರಿನ ರೂಪದಲ್ಲಿ. ಟೇಪ್ ಸಡಿಲವಾಗಿ, ತೆರೆಯ ಮೇಲಿನ ಗೆರೆ ಮೆಲ್ಲಗೆ ಮೇಲೆ ಕೆಳಗೆ ತೇಲಲು ಶುರುಮಾಡಿದರೆ ಬೆವರು ಎಂದೇ ಅರ್ಥ. ಕೋಣೆಯನ್ನು ಮೊದಲೇ ತಣ್ಣಗೆ ಮಾಡಿಟ್ಟು, ರೆಕಾರ್ಡಿಂಗ್ ಶುರುವಾದಾಗ ಎ.ಸಿ. ಆರಿಸುತ್ತೇವೆ.

ಕರೆಂಟಿನ ಗದ್ದಲಕ್ಕೆ ನಮ್ಮ ಕಡೆ ಬೇರೆಯದೇ ಕಾರಣಗಳಿವೆ. ಮೊದಲನೆಯದು ಅರ್ಥಿಂಗ್. ಉಪ್ಪು, ಇದ್ದಿಲು ಹಾಕಿ ಮುಚ್ಚಿದ ಗುಂಡಿ ಬೇಸಿಗೆಯಲ್ಲಿ ಪೂರಾ ಒಣಗುತ್ತದೆ. ಒಣಗಿದ ಮಣ್ಣಿನಲ್ಲಿ ಅರ್ಥ್ ಇದ್ದೂ ಇಲ್ಲದಂತೆ. ಮಲ್ಟಿಮೀಟರಿನಲ್ಲಿ ನ್ಯೂಟ್ರಲ್ಲಿಗೂ ಅರ್ಥಿಗೂ ನಡುವೆ ಅಳೆದು, ಎರಡು ಮೂರು ವೋಲ್ಟ್ ದಾಟಿದ್ದರೆ ಗುಂಡಿಗೆ ನಾಲ್ಕೈದು ಕೊಡ ನೀರು ಹೊಯ್ಸಿ ಮರುದಿನ ನೋಡಬೇಕು. ಬೇಸಿಗೆಯಲ್ಲಿ ಇದನ್ನು ವಾರವಾರ ಮಾಡಬೇಕು. ಪರೀಕ್ಷೆಯ ಯಂತ್ರದ ಪ್ಲಗ್ಗಿಗೆ ಲಿಫ್ಟು, ಎಕ್ಸ್‌ರೇ, ನೀರಿನ ಮೋಟರು ಯಾವುದೂ ಸೇರದ ಪ್ರತ್ಯೇಕ ಅರ್ಥ್ ಇದ್ದರೆ ಅರ್ಧ ಜಗಳ ಮುಗಿಯಿತು. ಎರಡನೆಯದು ಯು.ಪಿ.ಎಸ್. ಕರೆಂಟು ಹೋಗಿ ಅಗ್ಗದ ಯು.ಪಿ.ಎಸ್. ಹತ್ತಿಕೊಂಡರೆ ಅದು ಕೊಡುವ ಅಲೆ ಚೌಕಾಕಾರದ್ದು, 50ರ ಬೆಸ ಗುಣಕಗಳೆಲ್ಲ ಅದರಲ್ಲಿ ತುಂಬಿರುತ್ತವೆ, ನಮ್ಮ 100ರಿಂದ 3000 ಹರ್ಟ್ಸ್ ಫಿಲ್ಟರಿನೊಳಗೆ ಸಲೀಸಾಗಿ ನುಗ್ಗುತ್ತವೆ. ಲ್ಯಾಪ್‌ಟಾಪಿಗೆ ಜೋಡಿಸುವ ಯಂತ್ರವಾದರೆ ಚಾರ್ಜರ್ ಕಿತ್ತು ಬ್ಯಾಟರಿಯ ಮೇಲೆ ಓಡಿಸುವುದೇ ವಾಸಿ. ಎಲೆಕ್ಟ್ರಾನಿಕ್ ರೆಗ್ಯುಲೇಟರಿನ ಫ್ಯಾನು, ಮಿಣುಕುವ ಟ್ಯೂಬ್‌ಲೈಟು ಬಂದ್. ತಾಯಿಯ ಮೊಬೈಲು ಹೊರಗೆ. ಕೂಸು ಮಡಿಲಲ್ಲಿದ್ದು ಮೊಬೈಲು ಅವರ ಸೊಂಟದಲ್ಲಿದ್ದರೆ, ಟವರನ್ನು ಹುಡುಕಿದಾಗಲೆಲ್ಲ ಗೆರೆ ಗರಗರ ಅನ್ನುತ್ತದೆ. ಎಲೆಕ್ಟ್ರೋಡಿನ ವೈರುಗಳನ್ನು ಜಡೆ ಹೆಣೆದಂತೆ ಒಟ್ಟಿಗೆ ಹೆಣೆದು, ಇಯರ್‌ಫೋನ್ ವೈರಿನಿಂದ ದೂರ ಬಿಡುವುದು ಹಳೆಯ ಉಪಾಯ, ಈಗಲೂ ಕೆಲಸಕ್ಕೆ ಬರುತ್ತದೆ.

ಸೆಕೆಂಡಿಗೆ ಎಷ್ಟು ಸಲ ಸದ್ದು ಕೊಡಬೇಕು ಎಂಬಲ್ಲಿ 27.1 ಎಂದು ಇಡುವುದನ್ನು ಹೊಸಬರು ವಿಚಿತ್ರವೆಂದು ನೋಡುತ್ತಾರೆ. ದುಂಡಗೆ 25 ಇಟ್ಟರೆ ಎರಡು ಸದ್ದುಗಳ ನಡುವೆ 50 ಹರ್ಟ್ಸ್‌ನ ಎರಡು ಸುತ್ತು ಸರಿಯಾಗಿ ಕೂರುತ್ತವೆ. ಆಗ ಗೋಡೆಯ ಕರೆಂಟೂ ಪ್ರತಿ ಸಲ ಅದೇ ಹೊತ್ತಿಗೆ ಬಂದು, ಸರಾಸರಿಯಲ್ಲಿ ಅಳಿಯದೆ ಅಲೆಯಂತೆ ನಿಂತುಬಿಡುತ್ತದೆ. ಪಾಯಿಂಟಿನ ಮುಂದಿನ ಆ ಒಂದು, ಈ ಹೊಂದಾಣಿಕೆ ತಪ್ಪಿಸಲಿಕ್ಕೆ.

ಕಿವಿಗೆ ಸದ್ದು ಮುಟ್ಟಿಸುವುದರಲ್ಲಿ ಕೂಸಿಗೂ ಡಾಲ್ಫಿನ್‌ಗೂ ಪೂರ್ತಿ ಬೇರೆ ದಾರಿ. ಕೂಸಿಗೆ ಫೋಮಿನ ತುದಿಯ ಇನ್ಸರ್ಟ್ ಇಯರ್‌ಫೋನು. ಹಾಕುವ ಮೊದಲು ಓಟೋಸ್ಕೋಪಿನಲ್ಲಿ ನೋಡಲೇಬೇಕು: ಹುಟ್ಟಿದ ಒಂದೆರಡು ದಿನ ಬಿಳಿ ಮೇಣದಂಥ ಪದಾರ್ಥ ತುಂಬಿರುತ್ತದೆ, ಆಮೇಲೆ ನಮ್ಮಲ್ಲಿ ಎರೆಯುವಾಗ ಬಿಟ್ಟ ಎಣ್ಣೆ, ಅದಕ್ಕೆ ಅಂಟಿದ ಕಡಲೆಹಿಟ್ಟು. ಒಳಗಿವಿ ತಾನೇ ಹೊರಡಿಸುವ ಸಣ್ಣ ಪ್ರತಿಸದ್ದನ್ನು ಹಿಡಿಯುವ ಓಎಇ ತಪಾಸಣೆಯಲ್ಲಿ "ರೆಫರ್" (ಪಾಸಾಗಿಲ್ಲ) ಎಂದು ಬಂದು ಗಾಬರಿಯಲ್ಲಿ ಓಡಿಬರುವವರಲ್ಲಿ ಎಷ್ಟೋ ಜನರದು ಇಷ್ಟೇ ಕಥೆ. ಫೋಮನ್ನು ಹೊಸೆದು ಸಣ್ಣ ಮಾಡಿ, ಕಿವಿಯ ಆಲೆಯನ್ನು ಹಿಂದಕ್ಕೆ ಕೆಳಕ್ಕೆ ಎಳೆದು ಒಳಗಿಟ್ಟು, ಅದು ಉಬ್ಬುವವರೆಗೆ ಬೆರಳಲ್ಲಿ ಹಿಡಿದಿರಬೇಕು. ಕೊಳವೆ ದಾಟಲು ಸದ್ದಿಗೆ ಸುಮಾರು 0.9 ಮಿಲಿಸೆಕೆಂಡ್ ಬೇಕು. ಯಂತ್ರದಲ್ಲಿ ಇನ್ಸರ್ಟ್ ಎಂದು ಆರಿಸದೆ ಹೆಡ್‌ಫೋನ್ ಎಂದು ಬಿಟ್ಟಿದ್ದರೆ ಎಲ್ಲ ಅಲೆಗಳೂ ಅಷ್ಟು ತಡವಾಗಿ ಕಾಣುತ್ತವೆ, ನರದ ದೋಷವೆಂದು ವರದಿ ಹೋದರೂ ಹೋದೀತು. ಕೂಸನ್ನು ಮಗ್ಗುಲು ತಿರುಗಿಸಿದಾಗ ಕೊಳವೆ ತಲೆಯಡಿ ಸಿಕ್ಕಿ ಮಡಿಚಿಕೊಂಡರೆ, ಇದ್ದಕ್ಕಿದ್ದಂತೆ ಆ ಕಿವಿ ಕಿವುಡಾದಂತೆ ಕಾಣುತ್ತದೆ.

ಡಾಲ್ಫಿನ್‌ಗೆ ಹೊರಗಿವಿ ಇಲ್ಲ, ಇರುವ ಸೂಜಿಮೊನೆಯಷ್ಟು ರಂಧ್ರವೂ ಮುಚ್ಚಿಕೊಂಡಿರುತ್ತದೆ. ಸದ್ದು ಕೆಳದವಡೆಯಿಂದ ಹೋಗುತ್ತದೆ ಎಂದು 1960ರ ದಶಕದಲ್ಲಿ ಕೆನೆತ್ ನಾರಿಸ್ ಸೂಚಿಸಿದರು. ದವಡೆಯ ಎಲುಬು ಹಿಂಬದಿಯಲ್ಲಿ ಬಲು ತೆಳು, ಅದರೊಳಗೆ ತುಂಬಿದ ವಿಶೇಷ ಕೊಬ್ಬು ಒಳಗಿವಿಯವರೆಗೂ ಚಾಚಿದೆ. ಆ ಕೊಬ್ಬಿನಲ್ಲಿ ಸದ್ದಿನ ವೇಗ ನೀರಿನಲ್ಲಿ ಅದಕ್ಕಿರುವ ವೇಗದ ಆಸುಪಾಸಿನದೇ, ಆದ್ದರಿಂದ ನೀರಿನಿಂದ ಸದ್ದು ತಡೆಯಿಲ್ಲದೆ ಒಳಗಿಳಿಯುತ್ತದೆ. ಇದನ್ನೇ ಬಳಸಿಕೊಂಡು ಸಿಲಿಕಾನಿನ ಹೀರುಬಟ್ಟಲಲ್ಲಿ ಪೀಜೋ ಸ್ಫಟಿಕ ಕೂರಿಸಿ ಕೆಳದವಡೆಗೆ ಅಂಟಿಸುತ್ತಾರೆ, ಅದೇ ದವಡೆ ಫೋನು. ಬಟ್ಟಲಿನಡಿ ಗಾಳಿಯ ಗುಳ್ಳೆ ಸಿಕ್ಕಿಕೊಂಡರೆ ಸದ್ದು ಅಲ್ಲೇ ನಿಲ್ಲುತ್ತದೆ. ನಮ್ಮ ಕಡೆಯ ಸಡಿಲ ಫೋಮಿನ ಹಾಗೆ ಅಲ್ಲಿ ಈ ಗುಳ್ಳೆ. ಡಾಲ್ಫಿನ್ ವರದಿಯ ಡೆಸಿಬೆಲ್‌ಗಳನ್ನು ನಮ್ಮ ಡೆಸಿಬೆಲ್‌ಗಳ ಜತೆ ನೇರ ಹೋಲಿಸಬಾರದು. ನೀರಿನಲ್ಲಿ ಲೆಕ್ಕ 1 ಮೈಕ್ರೊಪಾಸ್ಕಲ್‌ನಿಂದ ಶುರು, ಗಾಳಿಯಲ್ಲಿ 20ರಿಂದ. ಅದೊಂದಕ್ಕೇ 26 ಡೆಸಿಬೆಲ್ ವ್ಯತ್ಯಾಸ. ಎರಡು ಮಾಧ್ಯಮಗಳ ಗುಣ ಬೇರೆಯಾದ್ದರಿಂದ ಇನ್ನೂ ಸುಮಾರು 36 ಸೇರುತ್ತದೆ.

ಕೂಸು ಮಲಗಿತು, ಗೆರೆ ಶಾಂತವಾಗಿದೆ ಎನ್ನೋಣ. ಈಗ ಯಾವುದನ್ನು ಮೊದಲು ಕೊಡುವುದು? ಪುಸ್ತಕದಂತೆ ಒಂದು ಕಿವಿಯ ನಾಲ್ಕೂ ಆವರ್ತನ ಮುಗಿಸಿ ಇನ್ನೊಂದಕ್ಕೆ ಹೋದರೆ, ಕೂಸು ಅರ್ಧಕ್ಕೆ ಎದ್ದು ಎರಡನೆಯ ಕಿವಿಯದು ಏನೂ ಸಿಗದೆ ಉಳಿಯುತ್ತದೆ. ನಮ್ಮ ಕ್ರಮ: 2000 ಹರ್ಟ್ಸ್ ಟೋನ್ ಬರ್ಸ್ಟ್ (ಒಂದು ಆವರ್ತನದ ಚುಟುಕು ಸದ್ದು) ಎರಡು ಕಿವಿಗೂ, ಆಮೇಲೆ 500 ಎರಡಕ್ಕೂ, ನಿದ್ದೆ ಉಳಿದಿದ್ದರೆ 4000, ಕೊನೆಗೆ 1000. ಪ್ರತಿಯೊಂದರಲ್ಲೂ ಜೋರಿನಿಂದ ಶುರುಮಾಡುವುದಿಲ್ಲ, 80 ಡೆಸಿಬೆಲ್‌ಗೆ ಕೂಸು ಬೆಚ್ಚುತ್ತದೆ. 40ರಲ್ಲಿ ಶುರುಮಾಡಿ, ಅಲೆ ಬಂದರೆ 20 ಇಳಿಸುವುದು, ಬರದಿದ್ದರೆ 20 ಏರಿಸಿ, ಮತ್ತೆ ಹತ್ತರ ಮೆಟ್ಟಿಲಲ್ಲಿ ಅಂಚು ಹುಡುಕುವುದು. ಪ್ರತಿ ಮಟ್ಟದಲ್ಲೂ ಎರಡು ಸಲ, ಎರಡು ಗೆರೆ. ಒಂದೇ ಗೆರೆಯಲ್ಲಿ ಐದನೆಯ ಅಲೆ ಕಂಡಿತೆಂದು ಯಾರಾದರೂ ಗುರುತು ಹಾಕಿದರೆ ನಂಬಬೇಡಿ. ಗದ್ದಲದಲ್ಲಿ ಬೇಕಾದ ಜಾಗದಲ್ಲಿ ಉಬ್ಬು ಕಾಣುತ್ತದೆ. ಎರಡು ಗೆರೆ ಒಂದರ ಮೇಲೊಂದು ಕೂತರೆ ಅದು ಅಲೆ. ದೊಡ್ಡವರಲ್ಲಿ ಜೋರು ಕ್ಲಿಕ್‌ಗೆ ಐದನೆಯ ಅಲೆ 5.6 ಮಿಲಿಸೆಕೆಂಡಿಗೆ ಬಂದರೆ ನವಜಾತ ಕೂಸಿನಲ್ಲಿ 7ರ ಹತ್ತಿರ. 500 ಹರ್ಟ್ಸ್‌ಗೆ ಅದು ಹತ್ತು ದಾಟಿ, ಅಗಲವಾಗಿ, ಸೋಮಾರಿಯಾಗಿ ಬರುತ್ತದೆ. ಸದ್ದಿನ ನಂತರ ಗೆರೆ ಹಿಡಿಯುವ ಕಿಟಕಿಯನ್ನು 10 ಮಿಲಿಸೆಕೆಂಡಿಗೆ ಇಟ್ಟವರಿಗೆ 500ರ ಅಲೆ ಎಂದೂ ಕಾಣುವುದಿಲ್ಲ. 20ರಿಂದ 25 ಇಡಬೇಕು, ಕೆಳಗಿನ ಫಿಲ್ಟರನ್ನು 100ರಿಂದ 30 ಹರ್ಟ್ಸ್‌ಗೆ ಇಳಿಸಬೇಕು.

ಡಾಲ್ಫಿನ್‌ನಲ್ಲಿ ಇನ್ನೊಂದು ಜಾಣ ವಿಧಾನ ಹೆಚ್ಚು ಬಳಕೆಯಲ್ಲಿದೆ. ಮಾಸ್ಕೋದ ಸೂಪಿನ್ ಮತ್ತು ಪೊಪೋವ್ ಇದರಲ್ಲಿ ಬಹಳ ಕೆಲಸ ಮಾಡಿದ್ದಾರೆ. 80 ಕಿಲೋಹರ್ಟ್ಸ್ ಸದ್ದನ್ನೇ ಕೊಡುತ್ತ, ಅದರ ಜೋರನ್ನು ಸೆಕೆಂಡಿಗೆ ಸಾವಿರ ಸಲ ಏರಿಳಿಸುವುದು. ಕಿವಿ ಆ ಸದ್ದನ್ನು ಹಿಡಿದರೆ ಮಿದುಳುಕಾಂಡ ಸಾವಿರ ಹರ್ಟ್ಸ್‌ನಲ್ಲಿ ಕುಣಿಯುತ್ತದೆ, ಕಂಪ್ಯೂಟರ್ ಆ ಒಂದೇ ಆವರ್ತನದಲ್ಲಿ ಗೆರೆ ಎದ್ದಿದೆಯೇ ಎಂದು ನೋಡುತ್ತದೆ. ಸದ್ದು ಇಳಿಸಿದಂತೆ ಗೆರೆ ಗಿಡ್ಡವಾಗುತ್ತದೆ. ಬಿಂದುಗಳ ಮೇಲೆ ನೇರ ರೇಖೆ ಎಳೆದು, ಅದು ಸೊನ್ನೆಯನ್ನು ಎಲ್ಲಿ ಮುಟ್ಟುತ್ತದೋ ಅದೇ ಕೇಳ್ಮೆಯ ಅಂಚು. ಕೂಸುಗಳಿಗೂ ಇದೇ ಪರೀಕ್ಷೆ ಇದೆ, ನಾವು ಎ.ಎಸ್.ಎಸ್.ಆರ್. ಅನ್ನುತ್ತೇವೆ, ಆದರೆ ಏರಿಳಿತ ಸೆಕೆಂಡಿಗೆ 80ರಿಂದ 100. ಸಾವಿರಕ್ಕೆ ನಮ್ಮ ಮಿದುಳುಕಾಂಡ ಡಾಲ್ಫಿನ್‌ನಷ್ಟು ಬಲವಾಗಿ ಹೆಜ್ಜೆ ಹಾಕುವುದಿಲ್ಲ. ಹಾಗೆಂದು ಆಸ್ಪತ್ರೆಯ ಯಂತ್ರ ಹೊತ್ತು ಕಾರವಾರಕ್ಕೆ ಹೋದರೆ ಪ್ರಯೋಜನವಿಲ್ಲ. ನಮ್ಮ ಯಂತ್ರಗಳ ಸದ್ದು ಸಾಮಾನ್ಯವಾಗಿ 8 ಕಿಲೋಹರ್ಟ್ಸ್‌ಗೆ ಮುಗಿಯುತ್ತದೆ, ಡಾಲ್ಫಿನ್‌ನ ಕಿವಿ ಚುರುಕಾಗುವುದು ಅದರಾಚೆ. ಈ ವಿಧಾನವೂ ಸುಮಾರು 10 ಕಿಲೋಹರ್ಟ್ಸ್‌ನ ಕೆಳಗೆ ಅಷ್ಟು ನೆಚ್ಚಿಕೆಯದಲ್ಲ. ಅಲ್ಲಿ ಪಳಗಿಸಿ ತೆಗೆದ ಆಡಿಯೋಗ್ರಾಮೇ ಮೇಲು. ಮೇಲಾಗಿ ನಮ್ಮ ದೇಶದಲ್ಲಿ ಡಾಲ್ಫಿನ್ ವನ್ಯಜೀವಿ ಕಾಯಿದೆಯ ಮೊದಲ ಅನುಸೂಚಿಯ ಪ್ರಾಣಿ, 2013ರಿಂದ ಡಾಲ್ಫಿನೇರಿಯಂಗಳಿಗೂ ಅನುಮತಿ ಇಲ್ಲ.

ಅಲೆ ಬಂದರೆ ಸಂತೋಷ, ಓದುವುದು ಸುಲಭ. ಬರದೇ ಇದ್ದಾಗ ಏನು ಬರೆಯುತ್ತೀರಿ ಎಂಬುದರಲ್ಲೇ ಪರೀಕ್ಷಕರ ಯೋಗ್ಯತೆ ಗೊತ್ತಾಗುವುದು. ಗೆರೆ ಸಪಾಟಾಗಿ ಇದ್ದು ಅಲೆ ಇಲ್ಲದಿರುವುದು ಬೇರೆ, ಗೆರೆಯೇ ಅಂಕುಡೊಂಕಾಗಿದ್ದು ಅಲೆ ಕಾಣದಿರುವುದು ಬೇರೆ. ಬ್ರಿಟನ್ನಿನ ಶ್ರವಣ ತಜ್ಞರ ಮಾರ್ಗಸೂಚಿ ಇಲ್ಲಿ ಒಳ್ಳೆಯ ಅಳತೆಗೋಲು ಕೊಡುತ್ತದೆ: ಎರಡು ಗೆರೆಗಳ ನಡುವಿನ ಸರಾಸರಿ ಅಂತರ 25 ನ್ಯಾನೊವೋಲ್ಟ್ ಒಳಗಿದ್ದರೆ ಮಾತ್ರ "ಪ್ರತಿಕ್ರಿಯೆ ಇಲ್ಲ" ಎನ್ನಬಹುದು. ಅದಕ್ಕಿಂತ ಹೆಚ್ಚಿದ್ದು ಅಲೆಯೂ ಸ್ಪಷ್ಟವಿಲ್ಲದಿದ್ದರೆ "ನಿರ್ಧಾರವಾಗಿಲ್ಲ" ಎಂದು ಬರೆಯಬೇಕು. ನಮ್ಮ ಕಡೆ ಓಡಾಡುವ ಎಷ್ಟೋ ವರದಿಗಳಲ್ಲಿ ಈ ಎರಡನೆಯ ಜಾತಿಯೇ ಇಲ್ಲ. ಕೂಸು ಅಳುತ್ತಿದ್ದಾಗ ತೆಗೆದ ಗೆರೆಗೂ "90 ಡೆಸಿಬೆಲ್‌ಗೆ ಪ್ರತಿಕ್ರಿಯೆ ಇಲ್ಲ, ತೀವ್ರ ಕಿವುಡು" ಎಂಬ ಅಚ್ಚು ಬಿದ್ದಿರುತ್ತದೆ. ಆ ಹಾಳೆ ಹಿಡಿದು ಅಪ್ಪ ಅಮ್ಮ ಕಂಡಕಂಡ ಆಸ್ಪತ್ರೆ ಸುತ್ತುತ್ತಾರೆ. ತಿರುಗುಮುರುಗಾಗುವುದೂ ಉಂಟು: "ನಾವು ತಾಟು ಬಡಿದು ನೋಡೀವ್ರೀ, ತಿರುಗಿ ನೋಡ್ತೈತಿ" ಎಂದು ಮನೆಯವರು ಪರೀಕ್ಷೆಯನ್ನೇ ನಂಬುವುದಿಲ್ಲ. ತಾಟಿನ ಸದ್ದು ಬಲು ಜೋರು, ಬಡಿಯುವ ಕೈ ಕಣ್ಣಿಗೆ ಬೀಳುತ್ತದೆ, ನೆಲ ಅದುರುತ್ತದೆ.

ಅಲೆ ಇಲ್ಲವೆಂದು ಖಚಿತವಾದ ಮೇಲೂ ಒಂದು ಕೆಲಸ ಬಾಕಿ. ಕ್ಲಿಕ್ಕನ್ನು ಜೋರಾಗಿ, ಒಮ್ಮೆ ಕಿವಿಯ ಪರದೆಯನ್ನು ಒಳಕ್ಕೆ ತಳ್ಳುವಂತೆ, ಒಮ್ಮೆ ಹೊರಕ್ಕೆ ಎಳೆಯುವಂತೆ ಕೊಡಬೇಕು. ಮೊದಲ ಒಂದೆರಡು ಮಿಲಿಸೆಕೆಂಡಿನ ಅಲೆಗಳು ಕನ್ನಡಿಯಂತೆ ತಲೆಕೆಳಗಾದರೆ ಅದು ಒಳಗಿವಿಯ ಕೂದಲು ಕೋಶಗಳ ಸಂಕೇತ. ಕೋಶ ಬದುಕಿದೆ, ನರ ತಾಳ ತಪ್ಪಿದೆ ಎಂದರ್ಥ. ಕಾಮಾಲೆ ವಿಪರೀತವಾಗಿ ರಕ್ತ ಬದಲಿಸಿದ ಕೂಸುಗಳಲ್ಲಿ, ದಿನ ತುಂಬುವ ಮುಂಚೆ ಹುಟ್ಟಿ ಐ.ಸಿ.ಯು.ನಲ್ಲಿ ಇದ್ದವುಗಳಲ್ಲಿ ಇದು ಸಿಗುತ್ತದೆ. ಇಂಥ ಕೂಸು ಓಎಇಯಲ್ಲಿ "ಪಾಸ್" ಆಗಿ ಮನೆಗೆ ಹೋಗಿರುತ್ತದೆ. ಕಂಡದ್ದು ನಿಜವೋ ಇಯರ್‌ಫೋನಿನ ವಿದ್ಯುತ್ ಸೋರಿಕೆಯೋ ತಿಳಿಯಲು ಕೊಳವೆಯನ್ನು ಬೆರಳಲ್ಲಿ ಹಿಚುಕಿ ಮತ್ತೊಮ್ಮೆ ತೆಗೆಯಿರಿ. ಸದ್ದು ನಿಂತಾಗ ಅಲೆಯೂ ಮಾಯವಾದರೆ ಕಿವಿಯದು, ಹಾಗೇ ಉಳಿದರೆ ವೈರಿನದು. ಮಧ್ಯಕಿವಿಯಲ್ಲಿ ದ್ರವ ಇಲ್ಲವೆಂದು ಖಚಿತಪಡಿಸಲು ಕಿವಿಯ ಪರದೆಯ ಅಲುಗಾಟ ನೋಡುವ ಟಿಂಪನೋಮೆಟ್ರಿ ಬೇಕು, ಆರು ತಿಂಗಳೊಳಗಿನವರಿಗೆ 1000 ಹರ್ಟ್ಸ್ ಟೋನಿನದು. 226 ಹರ್ಟ್ಸ್‌ನದು ಈ ವಯಸ್ಸಿನಲ್ಲಿ ದಾರಿ ತಪ್ಪಿಸುತ್ತದೆ.

ದಂಡೆಗೆ ಬಿದ್ದ ಡಾಲ್ಫಿನ್‌ಗಳನ್ನು ಹೀಗೆ ಪರೀಕ್ಷಿಸಿದವರಿಗೆ ಸಿಕ್ಕ ಫಲ ನಮಗೆ ಅಪರಿಚಿತವಲ್ಲ. ಡೇವಿಡ್ ಮನ್ ಮತ್ತು ಸಂಗಡಿಗರು 2010ರಲ್ಲಿ ಪ್ರಕಟಿಸಿದಂತೆ, ಪರೀಕ್ಷಿಸಿದ ಬಾಟಲ್‌ನೋಸ್‌ಗಳಲ್ಲಿ ಶೇ 57ಕ್ಕೆ, ರಫ್‌-ಟೂತ್ಡ್ ಜಾತಿಯಲ್ಲಿ ಶೇ 36ಕ್ಕೆ ತೀವ್ರ ಅಥವಾ ಅತಿ ತೀವ್ರ ಶ್ರವಣ ದೋಷವಿತ್ತು. ಪ್ರತಿಧ್ವನಿಯಲ್ಲೇ ಮೀನು ಹುಡುಕುವ ಪ್ರಾಣಿ ಕಿವುಡಾದರೆ ಸಮುದ್ರಕ್ಕೆ ವಾಪಸು ಬಿಡುವುದರಲ್ಲಿ ಅರ್ಥವಿಲ್ಲ, ಅದಕ್ಕೇ ಅಲ್ಲಿ ಬಿಡುವ ಮುನ್ನ ಪರೀಕ್ಷೆ. ವಯಸ್ಸಾದ ಡಾಲ್ಫಿನ್‌ಗಳಿಗೂ ಮೊದಲು ಹೋಗುವುದು ಮೇಲಿನ ಆವರ್ತನಗಳೇ. ಅಮೈನೋಗ್ಲೈಕೋಸೈಡ್ ಆಂಟಿಬಯೋಟಿಕ್ ಕೊಟ್ಟ ಬೆಲುಗಾ ತಿಮಿಂಗಿಲಕ್ಕೂ ಹಾಗೇ ಆದದ್ದು ದಾಖಲಾಗಿದೆ. ನವಜಾತ ಐ.ಸಿ.ಯು.ನಲ್ಲಿ ಜೆಂಟಾಮೈಸಿನ್, ಅಮಿಕಾಸಿನ್ ಚೀಟಿ ನೋಡಿದಾಗ ನಾವು ಕೂಸಿನ ಹೆಸರಿನ ಮುಂದೆ ಗುರುತು ಹಾಕಿಕೊಳ್ಳುವುದೂ ಇದಕ್ಕೇ.

ವರದಿಯಲ್ಲಿ ಅಂಕಿ ಬರೆಯುವಾಗ ಯಂತ್ರ ತೋರಿಸಿದ್ದನ್ನೇ ಇಳಿಸಬಾರದು. 500 ಹರ್ಟ್ಸ್‌ನಲ್ಲಿ ಅಲೆ ನಿಂತ ಮಟ್ಟ ನಿಜವಾದ ಕೇಳ್ಮೆಗಿಂತ 10ರಿಂದ 20 ಡೆಸಿಬೆಲ್ ಮೇಲಿರುತ್ತದೆ. 4000ಕ್ಕೆ ಬರುವಷ್ಟರಲ್ಲಿ ಅಂತರ ಹೆಚ್ಚುಕಡಿಮೆ ಇಲ್ಲ. ತಿದ್ದುಪಡಿ ಮಾಡಿದ್ದೀರೋ ಇಲ್ಲವೋ ಎಂದು ವರದಿಯಲ್ಲಿ ಕಾಣಬೇಕು, ಶ್ರವಣ ಸಾಧನ ಹೊಂದಿಸುವವರು ಮತ್ತೊಮ್ಮೆ ಕಳೆದುಬಿಟ್ಟರೆ ಕೂಸಿಗೆ ಸದ್ದು ಸಾಲದೆ ಹೋಗುತ್ತದೆ. ಗೆರೆಗಳನ್ನೂ, ಎಷ್ಟು ಸಲದ ಸರಾಸರಿ, ಎಷ್ಟು ಬಿಸಾಡಿದ್ದು, ಉಳಿದ ಗದ್ದಲ ಎಷ್ಟು, ಕೂಸು ಮಲಗಿತ್ತೋ ಎದ್ದಿತ್ತೋ ಎಂಬುದನ್ನೂ ಲಗತ್ತಿಸಿದರೆ, ಮುಂದೆ ಮೈಸೂರಿನ ವಾಕ್ ಶ್ರವಣ ಸಂಸ್ಥೆ ಆಯಿಷ್‌ಗೋ ಬೆಂಗಳೂರಿಗೋ ಹೋದಾಗ ಮೊದಲಿನಿಂದ ಶುರುಮಾಡುವುದು ತಪ್ಪುತ್ತದೆ. "ನಿರ್ಧಾರವಾಗಿಲ್ಲ" ಎಂದಿದ್ದರೆ ಅದರ ಪಕ್ಕದಲ್ಲೇ ಮರುಪರೀಕ್ಷೆಯ ತಾರೀಖು ಬರೆದು ತಾಯಿಯ ಕೈಗೆ ಕೊಡಬೇಕು. ಕೊಡುವ ಮುನ್ನ ಕ್ಯಾಲೆಂಡರ್ ನೋಡಿ: ಅಮಾಸೆ ದಿನ ಕೂಸು ಕಟ್ಟಿಕೊಂಡು ಯಾರೂ ಊರು ಬಿಡುವುದಿಲ್ಲ, ಭತ್ತದ ನಾಟಿ, ಹತ್ತಿ ಬಿಡಿಸುವ ದಿನಗಳಲ್ಲಿ ಕೂಲಿ ಬಿಟ್ಟು ಬರಲಾಗುವುದಿಲ್ಲ. ಅಂಥ ತಾರೀಖು ಕೊಟ್ಟರೆ ಕೂಸು ಬರುವುದು ಎಂಟು ತಿಂಗಳಾದ ಮೇಲೆ, ಸಿರಪ್ಪಿಲ್ಲದೆ ಮಲಗದ ವಯಸ್ಸಿನಲ್ಲಿ.